ಮಕ್ಕಳೊಂದಿಗೆ ಹೊರಗೆ ಕಳೆಯುವ ಮೊದಲ ರಾತ್ರಿ: ಎಲ್ಲಿ, ಹೇಗೆ, ಯಾವಾಗ?

ಸಂಜೆಮಲ್ಲಿಗೆ (ಬೆಂಗಳೂರು), ನವೆಂಬರ್ 11

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಇಬ್ಬರೂ ಹುಟ್ಟಿ ಬೆಳೆದದ್ದು ಕೆಂಗೇರಿಯ ಒಂದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ. ದಸರಾ ರಜೆಯಲ್ಲಿ ಅವರಿಗೆ ಕಾಡು, ಬೆಟ್ಟ ತೋರಿಸಬೇಕೆಂದು ಎರಡು ಗಂಟೆ ದೂರದ ಒಂದು ಖಾಸಗಿ ಕ್ಯಾಂಪಿಂಗ್ ತಾಣಕ್ಕೆ (ಹೆಸರು ಬೇಡ) ಹಣ ಕಟ್ಟಿ ಹೋಗಿದ್ದೆವು. ಅಲ್ಲಿ ಸಾಲಾಗಿ ನಲವತ್ತೆರಡು ಟೆಂಟುಗಳಿದ್ದವು. ಎಣಿಸಿದ್ದು ಮಗಳು, ಏಕೆಂದರೆ ಅವಳಿಗೆ ಮಾಡಲು ಬೇರೇನೂ ಇರಲಿಲ್ಲ. ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕದಲ್ಲಿ ಸಿನಿಮಾ ಹಾಡುಗಳು ಮೊಳಗುತ್ತಿದ್ದವು, ಟೆಂಟಿನ ಬಟ್ಟೆಯ ಮೇಲೆ ಕೆಂಪು ನೀಲಿ ದೀಪಗಳು ಓಡಾಡುತ್ತಿದ್ದವು. ಮಗ ಶೌಚಾಲಯದವರೆಗೆ ಕತ್ತಲಲ್ಲಿ ನಡೆಯಲು ಹೆದರಿ ಅತ್ತುಬಿಟ್ಟ.

ಆದರೆ ಬೆಳಿಗ್ಗೆ, ವಾಹನ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ, ಹಿಟ್ಟಿನಂತಹ ಸಡಿಲ ಮಣ್ಣಿನಲ್ಲಿ ಆಲಿಕೆಯ ಆಕಾರದ ಪುಟ್ಟ ಗುಂಡಿಗಳು ಮಕ್ಕಳ ಕಣ್ಣಿಗೆ ಬಿದ್ದವು. ಜಾರಿ ಬಿದ್ದ ಇರುವೆಯೊಂದು ಮೇಲೆ ಹತ್ತಲು ಹೆಣಗಿದಾಗಲೆಲ್ಲ ಗುಂಡಿಯ ತಳದಿಂದ ಯಾರೋ ಮರಳು ಎರಚಿ ಅದನ್ನು ಕೆಡವುತ್ತಿದ್ದರು. ಇಬ್ಬರೂ ಮುಕ್ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನೇ ನೋಡಿದರು. ಮನೆಗೆ ಬಂದ ಮೇಲೆ ಅಜ್ಜಿಗೆ ಫೋನಿನಲ್ಲಿ ವರದಿ ಮಾಡಿದ್ದೂ ಆ ಹುಳುವಿನ ಬಗ್ಗೆ ಮಾತ್ರ. ಹಾಗಾದರೆ ನಾವು ಹಣ ಕೊಟ್ಟು ಕೊಂಡದ್ದಕ್ಕೂ ಮಕ್ಕಳಿಗೆ ದಕ್ಕಿದ್ದಕ್ಕೂ ಸಂಬಂಧವೇ ಇಲ್ಲ ಎನಿಸಿತು.

ಈಗ ನಾವೇ ಒಂದು ಟೆಂಟು ಕೊಂಡು ಹೊರಡಬೇಕೆಂದಿದ್ದೇವೆ. ಕಾಡಿನಲ್ಲಿ ಟೆಂಟು ಹಾಕಲು ಅನುಮತಿ ಸಿಗುತ್ತದೆಯೇ? ಐದು ವರ್ಷದ ಮಗುವಿಗೆ ಇದು ತೀರಾ ಬೇಗ ಆಯಿತೇ? ಹಾವು ಚೇಳುಗಳ ವಿಷಯದಲ್ಲಿ ನಮ್ಮತ್ತೆಯವರಿಗೆ ಏನು ಉತ್ತರ ಹೇಳಲಿ?

ಕಾನುಮನೆ (ತೀರ್ಥಹಳ್ಳಿ ತಾಲ್ಲೂಕು)

ಸಂಜೆಮಲ್ಲಿಗೆಯವರೇ, ಟೆಂಟಿಗೂ ಮೊದಲು ಕತ್ತಲೆಯ ಅಭ್ಯಾಸ ಆಗಬೇಕು. ನಮ್ಮ ತಂಗಿಯ ಮಕ್ಕಳು ಪ್ರತಿ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬರುತ್ತಾರೆ. ಮೊದಲ ವರ್ಷ ಸಂಜೆ ಏಳಕ್ಕೆ ಕರೆಂಟು ಹೋದ ಕೂಡಲೇ ಇಬ್ಬರೂ ಅಮ್ಮನ ಸೆರಗು ಹಿಡಿದು ನಿಂತುಬಿಟ್ಟಿದ್ದರು. ನಾವು ಏನೂ ಉಪದೇಶ ಮಾಡಲಿಲ್ಲ; ಜಗಲಿಯ ಮೇಲೆ ಚಾಪೆ ಹಾಸಿ, ಸೊಳ್ಳೆ ಪರದೆ ಕಟ್ಟಿ, ದೊಡ್ಡವರೂ ಅಲ್ಲೇ ಮಲಗಿದೆವು. ಮೂರನೆಯ ದಿನದ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸು ತಲೆ ಕೊಡವಿದ ಗಂಟೆಯ ಸದ್ದು ಯಾವುದು, ಅಡಿಕೆ ಹಾಳೆ ಬಿದ್ದ ಸದ್ದು ಯಾವುದು ಎಂದು ಅವರೇ ಹೇಳತೊಡಗಿದರು. ಬೆಳಗಿನ ಜಾವ ಹಳ್ಳದ ಕಡೆಯಿಂದ ಮನುಷ್ಯರಂತೆಯೇ ಸಿಳ್ಳೆ ಹಾಕುವ ಹಕ್ಕಿಯೊಂದಿದೆ. ಅದನ್ನು ಪಕ್ಕದ ಮನೆಯ ಹುಡುಗನೆಂದೇ ತಿಳಿದು ನಮ್ಮ ಅಳಿಯ ಒಂದು ವಾರ ತಿರುಗಿ ಸಿಳ್ಳೆ ಹಾಕಿದ್ದಾನೆ.

ಆದ್ದರಿಂದ ನೀವು ನಿಮ್ಮ ತಾರಸಿಯಿಂದ ಆರಂಭಿಸಿ, ಆಮೇಲೆ ನೆಂಟರ ತೋಟ, ಕಾಡು ಎಲ್ಲಕ್ಕಿಂತ ಕೊನೆಗೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಎಂಬುದು ನನ್ನ ಇನ್ನೊಂದು ಮಾತು. ಐದು ಬೇರೆ ಬೇರೆ ಬೆಟ್ಟ ನೋಡಿದ ಮಗುವಿಗಿಂತ ಒಂದೇ ಹಳ್ಳವನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ನೋಡಿದ ಮಗುವಿಗೆ ಹೆಚ್ಚು ತಿಳಿಯುತ್ತದೆ.

ಹಳೆಯ ಗಸ್ತು (ಮೈಸೂರು)

ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಅನುಮತಿಯ ಪ್ರಶ್ನೆಗೆ ಸ್ಪಷ್ಟವಾಗಿಯೇ ಉತ್ತರಿಸುತ್ತೇನೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ, ಮೀಸಲು ಅರಣ್ಯಗಳನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ನಿಯಂತ್ರಿಸುತ್ತವೆ. ಅನುಮತಿಯಿಲ್ಲದೆ ಒಳಗೆ ಹೋಗಿ ಟೆಂಟು ಹಾಕುವುದು ಅಪರಾಧ. ‘ಊರಿನವರೊಬ್ಬರು ಪರವಾಗಿಲ್ಲ ಎಂದರು’ ಎಂಬ ಮಾತನ್ನು ನಾನು ನನ್ನ ಸೇವಾವಧಿಯಲ್ಲಿ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ.

ಕಾಡಿನ ನಡುವೆಯೇ ರಾತ್ರಿ ಕಳೆಯಬೇಕೆಂದಿದ್ದರೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳಿವೆ. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಕಾವೇರಿ ದಂಡೆಯ ಭೀಮೇಶ್ವರಿ ಮತ್ತು ಗಾಳಿಬೋರೆ ಅಂಥವು. ವೆಚ್ಚ ಕಡಿಮೆಯೇನಲ್ಲ, ಆದರೆ ಜೊತೆಗೆ ಬರುವವರಿಗೆ ಕಾಡು ಗೊತ್ತಿರುತ್ತದೆ. ಹಗಲಿನ ಚಾರಣವಾದರೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಪಡೆಯಬೇಕು. ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನೋಡಿದವರಿಗೆ ಈ ಮಿತಿ ಏಕೆ ಬಂತೆಂದು ವಿವರಿಸಬೇಕಾಗಿಲ್ಲ. ನದಿಯ ವಿಷಯದಲ್ಲಿ ಒಂದು ಮಾತು: ಭೀಮೇಶ್ವರಿ, ಮುತ್ತತ್ತಿ, ಸಂಗಮದ ಕಡೆಯಲ್ಲಿ ಕಾವೇರಿ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿಗಳಿವೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ. ಮಕ್ಕಳನ್ನು ಅಲ್ಲಿ ನೀರಿಗಿಳಿಸಬೇಡಿ. ದಂಡೆಯಲ್ಲಿ ಕೂರಿಸಿದರೆ ಸಾಕು.

ಬೆಂಕಿಯ ಬಗ್ಗೆಯೂ ಹೇಳಲೇಬೇಕು. ಕ್ಯಾಂಪ್‌ಫೈರ್ ಇಲ್ಲದಿದ್ದರೆ ಕ್ಯಾಂಪೇ ಅಲ್ಲ ಎಂಬ ಭಾವನೆ ಎಲ್ಲಿಂದ ಬಂತೋ ಕಾಣೆ. ಜನವರಿಯಿಂದ ಮುಂಗಾರಿನವರೆಗೆ ನಮ್ಮ ಎಲೆಯುದುರುವ ಕಾಡುಗಳು ಒಣಹುಲ್ಲು ಮತ್ತು ಲಂಟಾನದಿಂದ ತುಂಬಿರುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಹೊಗೆಗೆ ಹೆಜ್ಜೇನು ಏಳುವ ಅಪಾಯ ಬೇರೆ. ಬಂಡೆಯ ಅಂಚಿನಲ್ಲಿ ಅಥವಾ ಎತ್ತರದ ಮರದಲ್ಲಿ ಹೆಜ್ಜೇನಿನ ತಟ್ಟಿ ಕಂಡರೆ, ಅದು ಎಷ್ಟೇ ಒಳ್ಳೆಯ ಜಾಗವಾದರೂ, ಅಲ್ಲಿಂದ ಸದ್ದಿಲ್ಲದೆ ಹಿಂದಿರುಗಿ.

ವಿಷಯಕ್ಕೆ ಹತ್ತಿರವಾದ ಇನ್ನೊಂದು ನೆನಪು. ಇಲಾಖೆಯ ‘ಚಿಣ್ಣರ ವನದರ್ಶನ’ ಕಾರ್ಯಕ್ರಮದಲ್ಲಿ ಕಾಡಂಚಿನ ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಿದ್ದೆವು. ಒಮ್ಮೆ ಬಂದ ಹುಡುಗನ ಮನೆ ಕಾಡಿನಿಂದ ಎರಡು ಕಿಲೋಮೀಟರ್ ಕೂಡ ಇರಲಿಲ್ಲ. ಅವನಿಗೆ ಆನೆಯೆಂದರೆ ಅಪ್ಪ ರಾತ್ರಿ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕಾಯುವ, ಪಟಾಕಿ ಹೊಡೆದು ಓಡಿಸುವ, ಜೋಳದ ಹೊಲ ತುಳಿಯುವ ಪ್ರಾಣಿ. ಕೆರೆಯಲ್ಲಿ ಮರಿಯಾನೆಯೊಂದು ತಾಯಿಯ ಕಾಲ ನಡುವೆ ಹೊರಳಾಡುತ್ತಿದ್ದುದನ್ನು ಜೀಪಿನಿಂದ ನೋಡಿ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನನ್ನನ್ನು ಕೇಳಿದ: ‘ಸಾರ್, ಇದು ನಮ್ಮ ಹೊಲಕ್ಕೆ ಬರೋದೇನಾ?’ ಅದೇ ಇರಬಹುದು ಎಂದೆ. ನಗರದ ಮಕ್ಕಳಿಗೆ ಮಾತ್ರ ಕಾಡನ್ನು ಪರಿಚಯಿಸಬೇಕಾಗಿದೆ ಎಂದು ನಾವು ಭಾವಿಸುತ್ತೇವೆ. ನನಗೆ ಹಾಗನ್ನಿಸುವುದಿಲ್ಲ.

ನಾಲ್ಕನೇ ಅಡ್ಡರಸ್ತೆ (ದಾವಣಗೆರೆ)

ಕ್ಷಮಿಸಿ, ಇಷ್ಟೆಲ್ಲ ತಾಪತ್ರಯ ಏತಕ್ಕೆ? ಹಾವು, ಆನೆ, ಹೆಜ್ಜೇನು, ಸುಳಿ ಎಂದು ನೀವೇ ಪಟ್ಟಿ ಕೊಡುತ್ತಿದ್ದೀರಿ. ಮಕ್ಕಳನ್ನು ದಿನವೂ ಸಂಜೆ ಪಾರ್ಕಿಗೆ ಕಳಿಸಿದರೆ ಸಾಲದೇ?

ಉಪಕೇಂದ್ರದ ಅಕ್ಕ (ಸಾಗರ)

ನಾಲ್ಕನೇ ಅಡ್ಡರಸ್ತೆಯವರೇ, ದಿನವೂ ಪಾರ್ಕಿಗೆ ಕಳಿಸುವವರು ಎಷ್ಟು ಮಂದಿ ಇದ್ದಾರೆ ಹೇಳಿ. ಅದು ನಡೆದರೆ ನನ್ನ ತಕರಾರು ಏನೂ ಇಲ್ಲ. ಆದರೆ ಅಪಾಯ ಇದೆಯೆಂದು ಬಿಡುವುದಕ್ಕೂ ಅಪಾಯ ಯಾವುದೆಂದು ತಿಳಿದು ಹೊರಡುವುದಕ್ಕೂ ವ್ಯತ್ಯಾಸವಿದೆ. ಇಪ್ಪತ್ತು ವರ್ಷಗಳಿಂದ ಹಳ್ಳಿಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದ ಅನುಭವದಿಂದ ಎರಡು ಸಂಗತಿ ಬರೆಯುತ್ತೇನೆ.

ಮೊದಲನೆಯದು ಕಟ್ಟುಹಾವು. ನಾಗರಹಾವಿಗೆ ಎಲ್ಲರೂ ಹೆದರುತ್ತಾರೆ, ಆದರೆ ನೆಲದ ಮೇಲೆ ಮಲಗಿದವರ ಪಾಲಿಗೆ ಹೆಚ್ಚು ಅಪಾಯಕಾರಿ ಕಟ್ಟುಹಾವು. ಅದು ರಾತ್ರಿ ಸಂಚರಿಸುತ್ತದೆ. ಕಚ್ಚಿದರೆ ನೋವಾಗಲಿ ಬಾವಾಗಲಿ ಇಲ್ಲದಿರಬಹುದು, ಗುರುತೂ ಕಾಣದಿರಬಹುದು. ಮಗು ನಸುಕಿನಲ್ಲಿ ಎದ್ದು ಹೊಟ್ಟೆನೋವೆನ್ನುತ್ತದೆ, ಆಮೇಲೆ ರೆಪ್ಪೆ ಜೋತುಬೀಳುತ್ತದೆ. ಇದಕ್ಕೆ ಪರಿಹಾರ ಸರಳ. ಟೆಂಟಿನ ಜಿಪ್ಪನ್ನು ಸದಾ ಪೂರ್ತಿ ಮುಚ್ಚಿರಬೇಕು, ತೆರೆದಲ್ಲಿ ಮಲಗುವುದಾದರೆ ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು, ರಾತ್ರಿ ಮೂತ್ರಕ್ಕೆ ಏಳುವಾಗ ಟಾರ್ಚ್ ಮತ್ತು ಮುಚ್ಚಿದ ಚಪ್ಪಲಿ ಕಡ್ಡಾಯ, ಬೂಟನ್ನು ಕೊಡವಿಯೇ ಹಾಕಿಕೊಳ್ಳಬೇಕು. ಕಚ್ಚಿದೆಯೆಂಬ ಅನುಮಾನ ಬಂದರೂ ಕೊಯ್ಯುವುದು, ಬಿಗಿದು ಕಟ್ಟುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ; ಕೈಕಾಲು ಅಲುಗದಂತೆ ಎತ್ತಿಕೊಂಡು ಹಾವಿನ ವಿಷಕ್ಕೆ ಚುಚ್ಚುಮದ್ದಿರುವ ಆಸ್ಪತ್ರೆಗೆ ಹೋಗಿ. ಆ ಆಸ್ಪತ್ರೆ ಯಾವುದು, ಎಷ್ಟು ದೂರ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅತ್ತೆಯವರಿಗೆ ಆ ಚೀಟಿಯನ್ನೇ ತೋರಿಸಿ.

ಎರಡನೆಯದು ನಮ್ಮ ಕಡೆಯ ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಹರಡುವುದು ಉಣುಗುಗಳಿಂದ. ಅದರಲ್ಲೂ ಸಾಸಿವೆ ಕಾಳಿಗಿಂತ ಸಣ್ಣದಾದ, ಕಣ್ಣಿಗೆ ಸುಲಭವಾಗಿ ಕಾಣದ ಮರಿಗಳಿಂದ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಹಳೆಯ ಲಸಿಕೆಯ ಬಳಕೆ ನಿಂತಿದೆ. ಆದ್ದರಿಂದ ಆ ತಿಂಗಳುಗಳಲ್ಲಿ, ಮಂಗ ಸತ್ತ ಸುದ್ದಿಯಿರುವ ಕಡೆಯಂತೂ, ಮಕ್ಕಳನ್ನು ಕಾಡಿನ ತರಗೆಲೆಯ ಮೇಲೆ ಕೂರಿಸುವುದು, ಉರುಳಾಡಲು ಬಿಡುವುದು ಬೇಡ. ನಾವು ಕಾಡಿಗೆ ಹೋಗುವವರಿಗೆ ಕೈಕಾಲಿಗೆ ಹಚ್ಚಿಕೊಳ್ಳಲು ಡೆಪಾ ತೈಲ ಹಂಚುತ್ತೇವೆ. ಹಿಂದಿರುಗಿದ ಕೂಡಲೇ ಬಿಸಿನೀರು, ಸೋಪು, ಬಟ್ಟೆಗಳನ್ನೂ ಬಿಸಿನೀರಿಗೇ ಹಾಕುವುದು. ವಾರದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ತಪ್ಪದೆ ಹೇಳಿ. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಬೇಕೆಂದಿಲ್ಲ.

ಇಂಬಳದ ಬಗ್ಗೆ ಕೇಳುವವರೇ ಹೆಚ್ಚು. ಅದರಿಂದ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಆಮೇಲೆ ತುರಿಸುತ್ತದೆ, ಅಷ್ಟೇ.

ಮಂಜುಬೆಟ್ಟ (ಸ್ಟುಟ್‌ಗಾರ್ಟ್)

ಅಕ್ಕನವರು ಉಣುಗಿನ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಾವು ಹಾಸನದವರು, ಈಗ ಜರ್ಮನಿಯಲ್ಲಿದ್ದೇವೆ. ನಮ್ಮ ಮಗ ಹೋಗುತ್ತಿರುವುದು ಇಲ್ಲಿಯ ‘ವಾಲ್ಡ್‌ಕಿಂಡರ್‌ಗಾರ್ಟನ್’ಗೆ, ಅಂದರೆ ಕಾಡಿನ ಶಿಶುವಿಹಾರಕ್ಕೆ. ಈ ದೇಶದಲ್ಲಿ ಇಂಥದ್ದೊಂದಕ್ಕೆ ಮೊದಲ ಅಧಿಕೃತ ಮಾನ್ಯತೆ ಸಿಕ್ಕಿದ್ದು 1993ರಲ್ಲಿ, ಫ್ಲೆನ್ಸ್‌ಬುರ್ಗ್‌ನಲ್ಲಿ. ಕಟ್ಟಡವಿಲ್ಲ, ಗಾಲಿಯ ಮೇಲಿನ ಒಂದು ಮರದ ಕೋಣೆ ಇದೆ, ಬಿರುಗಾಳಿಯ ದಿನ ಬಿಟ್ಟರೆ ಮಕ್ಕಳು ಮಳೆಯಲ್ಲೂ ಹಿಮದಲ್ಲೂ ಹೊರಗೇ ಇರುತ್ತಾರೆ. ಇಲ್ಲಿಯೂ ಉಣುಗಿನಿಂದ ಹರಡುವ ಒಂದು ಮಿದುಳಿನ ಜ್ವರವಿದೆ, ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ನೆಂಟ. ಇದಕ್ಕೆ ಲಸಿಕೆಯಿದೆ, ಹಾಕಿಸಿದ್ದೇವೆ. ಆದರೂ ಪ್ರತಿ ಸಂಜೆ ಸ್ನಾನಕ್ಕೆ ಮುಂಚೆ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಬದಿ, ಸೊಂಟದ ಸುತ್ತ ಹುಡುಕುವುದು ಹಲ್ಲುಜ್ಜಿದಷ್ಟೇ ಸಹಜವಾದ ಕೆಲಸವಾಗಿದೆ.

ನನಗೆ ಇಷ್ಟವಾದದ್ದು ಅವರ ನಿಯಮಗಳು ಕಡಿಮೆಯಿರುವುದು, ಆದರೆ ಇರುವವು ಕದಲದಿರುವುದು. ಹಾದಿಯಲ್ಲಿ ಗೊತ್ತುಮಾಡಿದ ಮರ ಬಂದಾಗ ಮುಂದೆ ಓಡಿದವರು ಅಲ್ಲಿ ನಿಂತು ಹಿಂದಿನವರಿಗಾಗಿ ಕಾಯಲೇಬೇಕು. ಚಾಕುವಿನಿಂದ ಕೋಲು ಕೆತ್ತಬಹುದು, ಆದರೆ ಕುಳಿತುಕೊಂಡೇ ಕೆತ್ತಬೇಕು, ಎದ್ದರೆ ಚಾಕು ಒರೆಗೆ ಹೋಗಬೇಕು. ಹಣ್ಣು ಯಾವುದೇ ಇರಲಿ, ಕೇಳದೆ ಬಾಯಿಗಿಡುವಂತಿಲ್ಲ. ನನ್ನ ಮಗ ನಾಲ್ಕು ವರ್ಷಕ್ಕೇ ಚಾಕು ಹಿಡಿದದ್ದನ್ನು ನೋಡಿ ನನ್ನ ತಾಯಿ ವಿಡಿಯೋ ಕರೆಯಲ್ಲೇ ಕಿರುಚಿದ್ದರು. ಇದನ್ನೆಲ್ಲ ಹಾಗೆಯೇ ನಮ್ಮೂರಿಗೆ ತರಬಹುದೆಂದು ನಾನು ಹೇಳುವುದಿಲ್ಲ. ಇಲ್ಲಿಯ ಕಾಡಿನಲ್ಲಿ ಆನೆಯಿಲ್ಲ. ಮರದ ಬಳಿ ನಿಂತು ಕಾಯುವ ನಿಯಮವನ್ನಂತೂ ತರಬಹುದು.

ಬಯಲುಮೇಷ್ಟ್ರು (ಮಧುಗಿರಿ)

ಇಷ್ಟು ಹೊತ್ತು ಎಲ್ಲರೂ ಮಲೆನಾಡಿನ ಮಾತನ್ನೇ ಆಡುತ್ತಿದ್ದೀರಿ, ಬಯಲುಸೀಮೆಯಲ್ಲಿ ನಿಸರ್ಗವೇ ಇಲ್ಲವೇನೋ ಎಂಬಂತೆ. ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಬಳಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ, 798 ಎಕರೆ ಹುಲ್ಲುಗಾವಲು. ಮರ ಕಡಿಮೆಯಾದ್ದರಿಂದ ಮಕ್ಕಳಿಗೆ ಪ್ರಾಣಿ ಕಾಣುತ್ತದೆ; ದಟ್ಟ ಕಾಡಿನಲ್ಲಿ ಎರಡು ಗಂಟೆ ಜೀಪಿನಲ್ಲಿ ಕುಳಿತರೂ ಕಾಣದ ಸೊಗಸು ಇಲ್ಲಿ ಕಣ್ಣಳತೆಯಲ್ಲೇ ಇದೆ. ಗಂಡು ಕೃಷ್ಣಮೃಗ ಬೆನ್ನಟ್ಟಿ ಓಡುವಾಗ ನೆಲ ಬಿಟ್ಟು ನೆಗೆಯುವುದನ್ನು ನೋಡಿದ ನಮ್ಮ ಆರನೇ ತರಗತಿಯ ಹುಡುಗರು ಹಿಂದಿರುಗುವ ದಾರಿಯುದ್ದಕ್ಕೂ ಹಾಗೆಯೇ ನೆಗೆಯುತ್ತ ಬಂದರು.

ಆದರೆ ಬಯಲಿನ ದೊಡ್ಡ ಆಸ್ತಿ ಆಕಾಶ. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಮಲಗಿಸಿದ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ನಮ್ಮ ಮಕ್ಕಳೆಲ್ಲ ರೈತರ ಮಕ್ಕಳು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದರೆ ಅವರಿಗೆ ಮಳೆಯ ಹೆಸರು. ‘ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ’ ಎಂಬುದನ್ನು ಅಜ್ಜಂದಿರಿಂದ ಕೇಳಿದವರೇ ಎಲ್ಲರೂ. ಅವೇ ಹೆಸರಿನ ನಕ್ಷತ್ರಗಳು ಮೇಲಿವೆ ಎಂದು ತೋರಿಸಿದಾಗ ಅವರಿಗಾದ ಅಚ್ಚರಿ ಅಷ್ಟಿಷ್ಟಲ್ಲ. ಒಂದು ಹಿಡಿ ಪುಡಿ ಚೆಲ್ಲಿದಂತಿರುವ ಕೃತ್ತಿಕೆ, ಅದರ ಪಕ್ಕ ಕೆಂಪಗೆ ರೋಹಿಣಿ, ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನ ತಲೆಯಲ್ಲಿ ಮಂಕಾಗಿ ಮೃಗಶಿರಾ, ಅವನ ಭುಜದಲ್ಲಿ ಆರಿದ್ರಾ. ಆಗ ಒಬ್ಬ ಹುಡುಗಿ ಕೇಳಿದಳು: ‘ಆರಿದ್ರಾ ಮಳೆ ಬರುವುದು ಜೂನ್‌ನಲ್ಲಿ, ಈ ಚುಕ್ಕಿ ಕಾಣುತ್ತಿರುವುದು ಜನವರಿಯಲ್ಲಿ. ಹೆಸರು ತಪ್ಪಿದೆಯಲ್ಲವೇ ಸಾರ್?’

ಹೆಸರು ತಪ್ಪಿಲ್ಲ. ಜೂನ್ 22ರ ಸುಮಾರಿಗೆ ಸೂರ್ಯನೇ ಆ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ, ಆದ್ದರಿಂದಲೇ ಆ ಮಳೆಗೆ ಆ ಹೆಸರು, ಆದ್ದರಿಂದಲೇ ಆಗ ಅದು ಕಾಣುವುದೂ ಇಲ್ಲ. ಇದನ್ನು ನಾನು ನೇರವಾಗಿ ಹೇಳಿಬಿಡಬಹುದಿತ್ತು. ಬದಲಿಗೆ ಒಬ್ಬನನ್ನು ಲಾಟೀನು ಕೊಟ್ಟು ನಡುವೆ ನಿಲ್ಲಿಸಿ, ಸುತ್ತಲೂ ಗೋಡೆಯ ಮೇಲೆ ಮಳೆಗಳ ಹೆಸರು ಬರೆದು, ಆ ಹುಡುಗಿಯನ್ನು ಭೂಮಿಯನ್ನಾಗಿ ಮಾಡಿ ಸುತ್ತಿಸಿದೆ. ಮೂರನೆಯ ಸುತ್ತಿನಲ್ಲಿ ಅವಳೇ ನಿಂತು, ಲಾಟೀನಿನ ಹಿಂದೆ ಏನಿದೆಯೋ ತನಗೆ ಕಾಣುತ್ತಿಲ್ಲ ಎಂದಳು. ಇಪ್ಪತ್ತೆಂಟು ವರ್ಷದ ಮೇಷ್ಟ್ರುಗಿರಿಯಲ್ಲಿ ಅಂಥ ಪಾಠ ನನ್ನಿಂದ ಆಗಿರುವುದು ಮೂರೋ ನಾಲ್ಕೋ.

ಒದ್ದೆ ಟೆಂಟು (ಹುಬ್ಬಳ್ಳಿ)

ಸಾಮಾನಿನ ವಿಷಯ ಯಾರೂ ಬರೆದಿಲ್ಲ, ನನ್ನ ಪೆದ್ದುತನದಿಂದಲೇ ಆರಂಭಿಸುತ್ತೇನೆ. ಮೊದಲ ಬಾರಿ ಧಾರವಾಡದ ಕಡೆ ಗೆಳೆಯರ ಮಾವಿನ ತೋಪಿನಲ್ಲಿ ಟೆಂಟು ಹಾಕಿದಾಗ ಮೆತ್ತಗಿದೆಯೆಂದು ತಗ್ಗಾದ ಜಾಗವನ್ನೇ ಆರಿಸಿದೆ. ಮೆತ್ತಗಿದ್ದದ್ದು ಅಲ್ಲಿ ನೀರು ನಿಂತು ಇಂಗುತ್ತಿದ್ದುದರಿಂದ ಎಂಬುದು ರಾತ್ರಿ ಎರಡಕ್ಕೆ ಅಡ್ಡಮಳೆ ಬಂದಾಗ ತಿಳಿಯಿತು. ಮಕ್ಕಳಿಬ್ಬರನ್ನೂ ಹೊದಿಕೆ ಸಮೇತ ಎತ್ತಿ ಕಾರಿಗೆ ಹಾಕಿದೆವು. ಅವರಿಗೆ ಇವತ್ತಿಗೂ ಅದೇ ಅತ್ಯಂತ ಸಂತೋಷದ ಕ್ಯಾಂಪು. ಮಳೆಯಿಲ್ಲದ ರಾತ್ರಿಯೂ ಬೆಳಿಗ್ಗೆ ಟೆಂಟಿನ ಒಳಮೈ ಒದ್ದೆಯಾಗಿದ್ದರೆ ಸೋರುತ್ತಿದೆಯೆಂದು ಗಾಬರಿಯಾಗಬೇಡಿ. ಅದು ನಿಮ್ಮದೇ ಉಸಿರಿನ ಆವಿ. ಮೇಲಿನ ಗಾಳಿಕಿಂಡಿಗಳನ್ನು ಮುಚ್ಚದಿದ್ದರೆ ಕಡಿಮೆಯಾಗುತ್ತದೆ. ಚಳಿ ಬರುವುದು ಹೆಚ್ಚಾಗಿ ನೆಲದಿಂದ, ಆದ್ದರಿಂದ ದುಬಾರಿ ಹೊದಿಕೆಗಿಂತ ಕೆಳಗೆ ಹಾಸಲು ಎರಡು ದಪ್ಪ ಜಮಖಾನ ಒಯ್ಯಿರಿ. ಟೆಂಟನ್ನು ಮನೆಯ ತಾರಸಿಯ ಮೇಲೆ ಒಮ್ಮೆ ಮಕ್ಕಳ ಕೈಯಿಂದಲೇ ಕಟ್ಟಿಸಿ ನೋಡಿ. ಕತ್ತಲಲ್ಲಿ ಮೊದಲ ಬಾರಿ ಕಟ್ಟಲು ಹೊರಟರೆ ಗಂಡಹೆಂಡಿರ ಜಗಳ ಖಚಿತ.

ಸಂಜೆಮಲ್ಲಿಗೆ (ಬೆಂಗಳೂರು), ಫೆಬ್ರವರಿ 17

ಎಲ್ಲರಿಗೂ ತಡವಾದ ಕೃತಜ್ಞತೆಗಳು. ತಾರಸಿಯ ಮೇಲೆ ಎರಡು ಬಾರಿ ಅಭ್ಯಾಸ ಮಾಡಿ (ಜಗಳ ಅಲ್ಲೇ ಮುಗಿಯಿತು), ಕಳೆದ ವಾರ ಮಾಗಡಿಯ ಹತ್ತಿರವಿರುವ ನಮ್ಮ ಚಿಕ್ಕಮ್ಮನ ಊರಿಗೆ ಹೋಗಿದ್ದೆವು. ಮಾವಿನ ತೋಟದ ನಡುವೆ ಟೆಂಟು ಹಾಕುವ ಯೋಚನೆಯಿತ್ತು. ಆದರೆ ಪಕ್ಕದ ಊರಿನಲ್ಲಿ ಚಿರತೆ ನಾಯಿಯನ್ನು ಎತ್ತಿಕೊಂಡು ಹೋಗಿದೆಯೆಂದು ಚಿಕ್ಕಪ್ಪ ಹೇಳಿದ್ದರಿಂದ, ಮನೆಗೆ ಅಂಟಿಕೊಂಡಿರುವ, ಸುತ್ತ ಬೇಲಿಯಿರುವ ಕಣದಲ್ಲೇ ಹಾಕಿದೆವು. ರಾಗಿ ಒಕ್ಕಣೆ ಮುಗಿದು ಕಣ ಖಾಲಿಯಾಗಿತ್ತು, ಮಾವು ಹೂ ಬಿಟ್ಟಿತ್ತು. ಆಸ್ಪತ್ರೆಯ ಚೀಟಿ ಅತ್ತೆಯವರ ಕೈಯಲ್ಲೇ ಇತ್ತು; ಅವರೂ ಬಂದಿದ್ದರು, ಆದರೆ ಮಲಗಿದ್ದು ಮನೆಯೊಳಗೆ.

ಮಗ ಒಂಬತ್ತು ಗಂಟೆಗೆ ಒಳಗೆ ಹೋಗುತ್ತೇನೆಂದು ಹಟ ಹಿಡಿದ, ನಾವು ತಡೆಯಲಿಲ್ಲ. ಅಜ್ಜಿಯ ಪಕ್ಕ ಅರ್ಧ ಗಂಟೆ ಮಲಗಿದವನು ತಾನೇ ಟಾರ್ಚ್ ಹಿಡಿದು ಹಿಂದಿರುಗಿ, ಟೆಂಟಿನ ಜಿಪ್ಪನ್ನು ಪೂರ್ತಿ ಎಳೆದು, ಸರಿಯಾಗಿ ಮುಚ್ಚಿದೆಯೇ ಎಂದು ನಮ್ಮನ್ನು ಕೇಳಿದ. ಮಗಳಿಗೆ ಕೃತ್ತಿಕೆಯಲ್ಲಿ ಆರು ಚುಕ್ಕಿ ಕಂಡವು, ನನಗೆ ಕನ್ನಡಕ ಹಾಕಿಯೂ ನಾಲ್ಕೇ. ಬೆಳಿಗ್ಗೆ ಸೂರಿನ ಕೆಳಗೆ ಆ ಮರಳೆರಚುವ ಹುಳುವಿನ ಗುಂಡಿಗಳು ಇಲ್ಲಿಯೂ ಸಿಕ್ಕವು, ಹದಿನಾಲ್ಕು.

ಮೇಷ್ಟ್ರೇ, ನಿಮಗೊಂದು ಪ್ರಶ್ನೆ. ಕತ್ತಲಾದ ಸ್ವಲ್ಪ ಹೊತ್ತಿಗೆ ಬೇಲಿಯಾಚೆಯ ಬೀಳು ನೆಲದಿಂದ ಒಂದು ಸದ್ದು ಬರುತ್ತಿತ್ತು. ಗೋಲಿಯೊಂದು ಸಿಮೆಂಟು ನೆಲಕ್ಕೆ ಬಿದ್ದು ಟಕ್, ಟಕ್, ಟಕ್ ಎಂದು ಪುಟಿಯುತ್ತ, ಪುಟಿತ ಬೇಗಬೇಗನೆ ಆಗುತ್ತ ನಿಂತುಹೋಗುವಂತೆ. ಇದು ಮಗಳ ವರ್ಣನೆ. ಅದು ಕಪ್ಪೆಯೇ, ಹುಳವೇ?

ಬಯಲುಮೇಷ್ಟ್ರು (ಮಧುಗಿರಿ)

ಮಗಳ ವರ್ಣನೆಗಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಅದು ನತ್ತಿಂಗ, ಹಕ್ಕಿ. ಹಗಲೆಲ್ಲ ನೆಲದ ಮೇಲೆ ಕಂದು ಎಲೆಯಂತೆ ಕುಳಿತಿರುತ್ತದೆ, ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣದು. ಮುಸ್ಸಂಜೆಯ ನಂತರ ಮಣ್ಣಿನ ರಸ್ತೆಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಅದು ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಸಾಮಾನ್ಯವಾಗಿ ಎರಡು. ಬೇಸಿಗೆಯಲ್ಲಿ ಮತ್ತೆ ಹೋಗುವುದಾದರೆ ಬೀಳು ನೆಲದಲ್ಲಿ ಕಾಲಿಡುವ ಮೊದಲು ಮಗಳನ್ನು ಮುಂದೆ ಬಿಡಿ, ಅವಳ ಕಣ್ಣು ನಿಮ್ಮದಕ್ಕಿಂತ ಚುರುಕು.